ಎಂಟನೆಯ ಗುಂಡಿ

ಹಳೆಯ ಬಿಳಿ ಪಂಚೆಯ ಅಂಚಿಗೆ ಬಿದಿರುಕೋಲು ಹೊಲಿದು
ತಿತಿಮತಿಯ ಕಾಡಂಚಿನ ಹುಲ್ಲ ಮೇಲೆ
ಎಳೆದುಕೊಂಡು ಹೋಗುತ್ತಾನೆ ಚಾತ.
ಹತ್ತು ಹೆಜ್ಜೆ. ನಿಲ್ಲು. ಮಗುಚು. ನೋಡು.
"ಊರವರೆಲ್ಲ ಬಟ್ಟೆ ಒಗೆಯೋಕೆ ಹೊಳೆಗೆ ಹೋಗ್ತಾರೆ ಮೇಡಂ,
ನಾವು ಕೊಳೆ ಹಿಡಿಯೋಕೆ ಕಾಡಿಗೆ."

ಎಳ್ಳಿಗಿಂತ ಸಣ್ಣದು.
ನನ್ನ ಚಿಮುಟ ಬಾಗುವ ಮೊದಲೇ ಅವನ ಉಗುರು ತೋರಿಸುತ್ತದೆ:
ಇದು ಕಡವೆಯದು, ಇದು ಹಂದಿಯದು,
ಇದು ನಿಮ್ಮದು.
ನಿಮ್ಮದು ಅಂದರೆ?
"ನಿಮ್ಮ ಕಾಲುಚೀಲದ ಮೇಲಿತ್ತು."

ಪುಟ್ಟ ಸೀಸೆ, ಸ್ಪಿರಿಟ್, ಪೆನ್ಸಿಲ್ಲಿನಲ್ಲಿ ಬರೆದ ಚೀಟಿ
(ಶಾಯಿಯನ್ನು ಸ್ಪಿರಿಟ್ ಕುಡಿದುಬಿಡುತ್ತದೆ):
ಫೆಬ್ರವರಿ ಹನ್ನೊಂದು, ಏಳೂವರೆ, ಲಂಟಾನದ ಬದಿ.
ಹುಲ್ಲಿನ ತುದಿಗೆ ಹತ್ತಿ, ಮುಂಗಾಲು ಚಾಚಿ
ಯಾರದಾದರೂ ಬಿಸಿಯುಸಿರಿಗೆ ಕಾದಿತ್ತು.
ಸಿಕ್ಕಿದ್ದು ನನ್ನ ಕೈಬರಹ.

ಅದಕ್ಕೇನೂ ಜ್ವರವಿಲ್ಲ.
ಒಳಗಿನದು ಇನ್ನೂ ಸಣ್ಣದು,
ತಾಯಿ ಮೊಟ್ಟೆಗೆ ಕೊಟ್ಟದ್ದು, ಆ ತಾಯಿಗೆ ಅದರ ತಾಯಿ.
ಇಲ್ಲಿ ಒಕ್ಕದ ಹೆಸರು ಅಪ್ಪನಿಂದ ಇಳಿಯುತ್ತದೆ;
ಈ ಕಾಯಿಲೆಯ ಮನೆತನ
ಹೆಣ್ಣಿನ ಕಡೆಯದು.

ಲೈನ್ ಮನೆಯಲ್ಲಿ ಚಾತನ ಮೊಮ್ಮಗಳು ಬೊಳ್ಳಿ,
ಆರು ವರ್ಷ, ಆರು ದಿನದ ಜ್ವರ.
ವೈರಲ್ ಎಂದರು. ಡೆಂಗಿ ಎಂದರು. ಕಾಫಿ ಕುಯ್ಲಿನ ಬಿಸಿಲು ಎಂದರು.
ಅಂಗೈಯಲ್ಲಿ, ಅಂಗಾಲಲ್ಲಿ ಕೆಂಪು ಚುಕ್ಕಿ ಎದ್ದ ಮೇಲೆ
ಗೋಣಿಕೊಪ್ಪದ ಡಾಕ್ಟರಮ್ಮ ಜಡೆ ಎತ್ತಿಸಿ ನೋಡಿದರು:
ಕಿವಿಯ ಹಿಂದೆ
ಬೀಡಿ ಸುಟ್ಟಂಥ ಒಂದು ಕಪ್ಪು ಕಲೆ.
ಅವತ್ತೇ ಮಾತ್ರೆ ಕೊಟ್ಟರು.
"ನಿಮ್ಮ ರಿಸಲ್ಟ್ ಬರಲಿ ಅಂತ ಕೂತರೆ
ಮಗು ಕೂರೋದಿಲ್ಲ," ಎಂದರು ಫೋನಿನಲ್ಲಿ. ನಿಜ.
ಎರಡನೆಯ ದಿನಕ್ಕೆ ಬೊಳ್ಳಿ ಗಂಜಿ ಕೇಳಿದಳು, ಜೊತೆಗೆ ಒಣಮೀನು.

ಹಾಗಾದರೆ ನಾನು ಯಾಕೆ
ಪೊನ್ನಂಪೇಟೆಯ ಈ ಕೋಣೆಯಲ್ಲಿ ಉಣ್ಣಿಯನ್ನು ಎರಡಾಗಿ ಸೀಳುತ್ತಿದ್ದೇನೆ?
ಅರ್ಧ ಅರೆಯಲು,
ಅರ್ಧ ಮೈನಸ್ ಇಪ್ಪತ್ತರಲ್ಲಿ, ಮುಂದೆ ಬೇಕಾದೀತು ಎಂದು.

ಜೆಲ್ಲಿನಲ್ಲಿ ಎಂಟು ಗುಂಡಿ.
ಏಳರಲ್ಲಿ ಕಾಡು,
ಎಂಟನೆಯದರಲ್ಲಿ ಬರಿಯ ನೀರು.
ಕರೆಂಟು ಹೋಯಿತು, ಬಂತು, ಯುಪಿಎಸ್ ಕುಂಯ್ ಎಂದಿತು.
ದೀಪವಾರಿಸಿ ನೇರಳೆ ಬೆಳಕಿಗೆ ಹಿಡಿದೆ.
ಗೆರೆ! ಮೊದಲನೆಯದರಲ್ಲಿ, ಎರಡರಲ್ಲಿ, ಮೂರರಲ್ಲಿ...
ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ.
ಆಮೇಲೆ ಎಂಟನೆಯದು.
ನೀರೂ ಹೊಳೆಯುತ್ತಿತ್ತು.

"ಸಿಕ್ಕಿತಾ ಮೇಡಂ?"
ನೀರಿನಲ್ಲೂ ಸಿಕ್ಕಿತು ಚಾತ.
ಬಾಯಲ್ಲಿದ್ದ ಎಲೆಯಡಿಕೆ ಆ ಕೆನ್ನೆಯಿಂದ ಈ ಕೆನ್ನೆಗೆ ಹೋಯಿತು.
"ಹಾಗಾದ್ರೆ ತಪ್ಪು ನೀರಿಂದಲ್ಲ. ಕೈಯಿಂದು."

ಎಲ್ಲ ಎಸೆದೆ. ಮೇಜು, ಪಿಪೆಟ್ಟು, ಬಾಗಿಲ ಹಿಡಿ,
ಬ್ಲೀಚಿನಲ್ಲಿ ಒರೆಸಿದೆ ಒಂದು ಇಡೀ ಶನಿವಾರ.
ಹೊಸ ನೀರು, ಹೊಸ ಗ್ಲೌಸು,
ಫ್ರೀಜರಿನಿಂದ ಉಳಿದ ಅರ್ಧಗಳು.

ಈ ಸಲ ಮೊದಲು ನೋಡಿದ್ದು ಎಂಟನೆಯದನ್ನು.
ಕತ್ತಲು. ಬಾವಿಯೊಳಗಿನಂಥ ಒಳ್ಳೆಯ ಕತ್ತಲು.
ಏನೂ ಇಲ್ಲದ್ದನ್ನು ಕಂಡು ಇಷ್ಟು ಖುಷಿಪಟ್ಟವಳು
ಈ ಜಿಲ್ಲೆಯಲ್ಲಿ ಇನ್ನೊಬ್ಬಳಿರಲಾರಳು.
ಆಮೇಲೆ ನಿಧಾನ ಹಿಂದಕ್ಕೆ: ಏಳು, ಇಲ್ಲ. ಆರು, ಇಲ್ಲ.
ಐದು, ನಾಲ್ಕು.
ಮೂರರಲ್ಲಿ ಒಂದು ಗೆರೆ,
ತೆಳ್ಳಗೆ, ಸರಿಯಾದ ಎತ್ತರದಲ್ಲಿ,
ಅಲುಗದೆ.

ಚೀಟಿ ತೆಗೆದು ಓದಿದೆ. ಪೆನ್ಸಿಲ್ ಮಾಸಿರಲಿಲ್ಲ.
ಮೂರು: ಕಾಲುಚೀಲ.

ಉದ್ದ ಹೆಸರಿದೆ ಅದಕ್ಕೆ, ನಾಳೆ ವರದಿಯಲ್ಲಿ ಬರೆಯುತ್ತೇನೆ.
ಡಾಕ್ಟರಮ್ಮನಿಗೆ ಒಂದು ಪ್ರತಿ.
ಮುಂದಿನ ಮಗುವಿಗೆ ಆರು ದಿನ ಬೇಡ, ಎರಡು ಸಾಕು
ಎನ್ನಲು ಅಷ್ಟು ಕಾಗದವಾದರೂ ಬೇಕು.

ಈಗ ರಾತ್ರಿ ಹತ್ತು. ಬಚ್ಚಲ ದೀಪದ ಕೆಳಗೆ
ಮಂಡಿಯ ಸಂದು, ಕಂಕುಳು, ಸೊಂಟದ ಪಟ್ಟಿ,
ಕಿವಿಯ ಹಿಂದೆ
ನಿಧಾನಕ್ಕೆ ಬೆರಳು ಹುಡುಕುತ್ತಿದೆ.
ಒಂದು ಮಚ್ಚೆ.
ಇದು ಮೊದಲೇ ಇತ್ತಾ?